ದೋರ್ನಕಲ್ಲಿನ ಬಿಷಪ್ ಅಜರಯ್ಯನವರು

ಸಭೆಯನ್ನು ನಡಿಸುವವನು ಮುಂದೆ ನಿಂತು ಅಪ್ಪಣೆ ಕೊಡತಕ್ಕವನೆಂದು ನಾವು ಅನೇಕವೇಳೆ ಎಣಿಸುವೆವು. ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರ ಜೀವಿತವು ನಮಗೆ ಬೇರೊಂದು ಮಾರ್ಗವನ್ನು ತೋರಿಸುತ್ತದೆ.

ಅವರು 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಹಳ್ಳಿಯ ಸಭಾಪಾಲಕರು. ಅಜರಯ್ಯನವರು ಕೆಲವು ವರುಷ ವೈ. ಎಂ. ಸಿ. ಎ. ಸಂಘದ ಕಾರ್ಯದರ್ಶಿಯಾಗಿ ದೇಶವನ್ನು ಸಂಚರಿಸಿದರು. ನಮ್ಮ ದೇಶದವರೇ ತಮ್ಮ ಹಣದಿಂದ ಸುವಾರ್ತೆಯನ್ನು ಸಾರಬೇಕೆಂಬ ಹಂಬಲದಿಂದ 1903ರಲ್ಲಿ ತಿರುನೆಲ್ವೇಲಿಯ ಇಂಡಿಯನ್ ಮಿಶನೆರಿ ಸಂಘದ ಸ್ಥಾಪನೆಗೆ ಕಾರಣರಾದರು.

ಆದರೆ ಇತರರನ್ನು ಕಳುಹಿಸಿ ತಾವು ಮನೆಯಲ್ಲಿರುವದು ಅವರ ಮನಸ್ಸಿಗೆ ಒಪ್ಪಲಿಲ್ಲ. 1909ರಲ್ಲಿ ಪತ್ನಿ ಅನ್ಬು ಅಮ್ಮನವರೊಡನೆ ನಿಜಾಮರ ರಾಜ್ಯದ ದೋರ್ನಕಲ್ಲಿಗೆ ಹೊರಟರು. ತಮಿಳರಾದ ಅವರು ಮೂವತ್ತೈದನೆಯ ವಯಸ್ಸಿನಲ್ಲಿ ತೆಲುಗನ್ನು ಕಲಿಯಬೇಕಾಯಿತು. ಉಪದೇಶಿಸಬಂದವನು ಮೊದಲು ಶಿಷ್ಯನಾಗಬೇಕೆಂಬದನ್ನು ನಾವು ಇಲ್ಲಿ ಕಾಣುವೆವು.

1910ರಲ್ಲಿ ಎಡಿನ್‌ಬರೋ ಪಟ್ಟಣದ ಮಿಶನ್ ಸಮ್ಮೇಳನದಲ್ಲಿ ಅವರು ವಿದೇಶೀ ಮಿಶನೆರಿಗಳಿಗೂ ದೇಶೀಯ ಸೇವಕರಿಗೂ ನಿಜವಾದ ಸ್ನೇಹವಿಲ್ಲದಿರುವದನ್ನು ಧೈರ್ಯದಿಂದ ತಿಳಿಸಿದರು. ಕೇಳಿದವರಲ್ಲಿ ಹಲವರು ಅಸಮಾಧಾನಪಟ್ಟರು. ಆದರೂ 1912ರ ದಶಂಬರ 29ರಲ್ಲಿ ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಬ್ಬರು ಬಿಷಪರಾದದ್ದು ಅದೇ ಮೊದಲು.

ಪದವಿಯು ದೊರೆತ ಮೇಲೆ ಅವರು ಪಟ್ಟಣವನ್ನು ಸೇರಲಿಲ್ಲ. ಎತ್ತಿನ ಬಂಡಿಯಲ್ಲಿ ಹಳ್ಳಿಹಳ್ಳಿಗೆ ಹೋದರು. ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗೆ ವಾಸವಾಗಿದ್ದ ಬಡ ಮಾಲ ಮಾದಿಗರು. ಕೊಳೆ, ರೋಗ, ಸಾಲ, ಕುಡಿತ ಎಂಬ ನಾಲ್ಕು ಶತ್ರುಗಳನ್ನು ಓಡಿಸಬೇಕೆಂದು ಅವರಿಗೆ ಬೋಧಿಸಿದರು. ದೀಕ್ಷಾಸ್ನಾನ ಹೊಂದಿದವರು ತಮ್ಮ ತಲೆಯ ಮೇಲೆ ಕೈಯಿಟ್ಟು, ನಾವೂ ಸುವಾರ್ತೆಯನ್ನು ಸಾರುವೆವೆಂದು ಪ್ರತಿಜ್ಞೆಮಾಡುವಂತೆ ಕಲಿಸಿದರು. ಹೀಗೆ ಸಾರುವ ಭಾರವು ಬಿಷಪರೊಬ್ಬರದಾಗಿರದೆ ಹೊಲದ ಕೂಲಿಯಾಳಿನದೂ ಆಯಿತು. 1941ರೊಳಗೆ ಆ ಮಂಡಲದ ಸಭಾಜನರು ಎರಡು ಲಕ್ಷವನ್ನು ಮೀರಿದರು.

ಭಿನ್ನವಾಗಿದ್ದ ಸಭೆಗಳು ಒಂದಾಗಬೇಕೆಂದು ಅವರು 1919ರಿಂದ ಬಹಳವಾಗಿ ಪ್ರಯಾಸಪಟ್ಟರು. ಆ ಐಕ್ಯವನ್ನು ಕಣ್ಣಾರೆ ಕಾಣದೆ 1945ರ ಜನವರಿ 1ರಂದು ತೀರಿಹೋದರು. 1947ರ ಸಪ್ಟಂಬರ 27ರಲ್ಲಿ ದಕ್ಷಿಣ ಇಂಡ್ಯ ಸಭೆಯು ಸ್ಥಾಪಿತವಾಯಿತು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅದರಲ್ಲಿ ಸೇರಿದವು. ಬಿತ್ತಿದವರು ಒಬ್ಬರು, ಫಲವುಂಡವರು ನಾವು.

ನಮ್ಮ ಸಭೆಯ ಹಿರಿಯರೂ ಉಪದೇಶಿಗಳೂ ತಮ್ಮನ್ನು ತಾವೇ ಕೇಳಿಕೊಳ್ಳಲಿ: ನಾವು ಇಲ್ಲದ ದಿನ ಈ ಕೆಲಸವನ್ನು ನಡಿಸತಕ್ಕವರನ್ನು ಸಿದ್ಧಪಡಿಸಿದ್ದೇವೋ?