ಕೆಮಿಕಲ್ ಇಲ್ಲದ ಸೋಪು ಅಂತ ಒಂದಿದೆಯಾ? ಸೋಪ್ ಶಾಸ್ತ್ರಿಗಳ ಬದುಕಿನಲ್ಲಿದೆ ಉತ್ತರ

ಅಂಗಡಿ ಸೋಪಿನಲ್ಲಿ ಕಾಸ್ಟಿಕ್ ಸೋಡಾ ಇದೆ, ಮಕ್ಕಳ ಮೈಗೆ ಹಚ್ಚಬೇಡಿ, ಹಿಂದಿನ ಕಾಲದ ಸೋಪಿನಲ್ಲಿ ಕೆಮಿಕಲ್ಲೇ ಇರಲಿಲ್ಲ ಎನ್ನುವಂಥ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ನಿಜವೇ?

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಜಕ್ಕೂರಿನಿಂದ ಹೊರಟು ಹೆಬ್ಬಾಳ ದಾಟಿ ಯಶವಂತಪುರದ ಕಡೆ ಹೋದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ಹೆಸರಿನ ಮೆಟ್ರೋ ನಿಲ್ದಾಣವೇ ಸಿಗುತ್ತದೆ. ಆ ಸೋಪಿಗೆ ರೂಪ ಕೊಟ್ಟವರು ಸೋಸಲೆ ಗರಳಪುರಿ ಶಾಸ್ತ್ರಿ. ಜನ ಅವರನ್ನು ಪ್ರೀತಿಯಿಂದ ಕರೆದಿದ್ದು ಸೋಪ್ ಶಾಸ್ತ್ರಿ ಎಂದು.

ಯುದ್ಧ ಬಂತು, ಗಂಧ ಉಳಿಯಿತು

ಆಗ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಅಲ್ಲಿಯವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಕೊಳ್ಳುವವರೇ ಇಲ್ಲದಂತಾಯಿತು. ಮರ ರಾಶಿ ಬಿತ್ತು, ಸಂಸ್ಥಾನದ ಆದಾಯಕ್ಕೆ ಪೆಟ್ಟು ಬಿತ್ತು.

ಎಣ್ಣೆಯನ್ನು ನಾವೇ ತೆಗೆಯೋಣ ಎಂದು ತೀರ್ಮಾನವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವ್ಯಾಟ್ಸನ್ ಅದರ ವಿಧಾನ ರೂಪಿಸಿದರು. 1916ರಲ್ಲಿ ಕೆಲಸ ಶುರುವಾಯಿತು. ಗಂಧದೆಣ್ಣೆಯ ಮುಖ್ಯ ವಸ್ತು ಸ್ಯಾಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಬೇಕು. ಆದರೆ ಗಂಧದ ಪುಡಿಯ ಮೂಲಕ ಹಬೆ ಹಾಯಿಸಿದರೆ, 100 ಡಿಗ್ರಿಯ ಆಸುಪಾಸಿನಲ್ಲೇ ಎಣ್ಣೆ ಹಬೆಯ ಜೊತೆ ಹೊರಬರುತ್ತದೆ. ತಣ್ಣಗಾದಾಗ ನೀರು, ಎಣ್ಣೆ ಬೇರೆಯಾಗುತ್ತವೆ.

ಎಣ್ಣೆಯಿಂದ ಸೋಪಿಗೆ

ಬರೀ ಎಣ್ಣೆ ಮಾರುವುದಕ್ಕಿಂತ ಅದರಿಂದ ಸೋಪನ್ನೇ ಮಾಡಿದರೆ? ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಈ ಯೋಚನೆ ಹಿಡಿದರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಯೋಗಗಳು ನಡೆದವು. ಅಲ್ಲಿ ಕಣ್ಣಿಗೆ ಬಿದ್ದ ತರುಣ ರಸಾಯನ ತಜ್ಞ ನಮ್ಮ ಶಾಸ್ತ್ರಿಗಳು. ಅವರ ಹೆಸರಿನಲ್ಲಿರುವ ಸೋಸಲೆ ತಿ. ನರಸೀಪುರದ ಹತ್ತಿರದ ಊರು. ಸೋಪು ಮಾಡುವ ವಿದ್ಯೆ ಕಲಿಯಲು ಸರ್ಕಾರ ಅವರನ್ನು ಇಂಗ್ಲೆಂಡಿಗೆ ಕಳಿಸಿತು.

ಅವರು ಕಲಿತದ್ದರ ತಿರುಳು ಇಂದು ಕಾಲೇಜಿನ ಸಾವಯವ ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿದೆ. ಸಾವಯವ ಎಂದರೆ ಇಲ್ಲಿ ರಾಸಾಯನಿಕ ಗೊಬ್ಬರವಿಲ್ಲದ ತರಕಾರಿ ಅಲ್ಲ, ಕಾರ್ಬನ್ನಿನ ಸಂಯುಕ್ತಗಳು. ಗಂಧದೆಣ್ಣೆಯೂ ಸಾವಯವ, ಪೆಟ್ರೋಲೂ ಸಾವಯವ. ಕಾರ್ಬನ್ನಿಗೆ ನಾಲ್ಕು ಕೈ ಇದ್ದಂತೆ. ಒಂದರ ಕೈ ಇನ್ನೊಂದು ಹಿಡಿದು ಉದ್ದನೆಯ ಸರಪಳಿ ಆಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಲ್ಯಾಬಿನಲ್ಲೂ, ನಿಮ್ಮ ಬಚ್ಚಲುಮನೆಯಲ್ಲೂ ಲೆಕ್ಕ ಇದೇ.

ಕೊಬ್ಬರಿ ಎಣ್ಣೆಯಂಥ ಕೊಬ್ಬಿನಲ್ಲಿ ಮೂರು ಮೇದಾಮ್ಲದ ಸರಪಳಿಗಳು ಒಂದು ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ. ಈ ಅಂಟಿನ ಹೆಸರು ಎಸ್ಟರ್. ಕಾಸ್ಟಿಕ್ ಸೋಡಾ ಹಾಕಿದರೆ ಅಂಟು ಬಿಡುತ್ತದೆ: ಗ್ಲಿಸರಿನ್ ಒಂದು ಕಡೆ, ಸೋಪು ಇನ್ನೊಂದು ಕಡೆ. ಸೋಪಿನ ಕಣಕ್ಕೆ ನೀರನ್ನು ಬಯಸುವ ತಲೆ, ಜಿಡ್ಡನ್ನು ಬಯಸುವ ಬಾಲ. ಬಾಲ ಜಿಡ್ಡಿಗೆ ಕಚ್ಚುತ್ತದೆ, ತಲೆಯನ್ನು ನೀರು ಎಳೆಯುತ್ತದೆ, ಕೊಳೆ ಹೊರಟುಹೋಗುತ್ತದೆ.

ಪರಿಮಳ ಉಳಿಯುವುದು ಹೇಗೆ?

ಸೋಪಿಗೆ ಸುವಾಸನೆ ಸೇರಿಸುವುದು ಸುಲಭವಲ್ಲ. ಹಣ್ಣಿನ ವಾಸನೆ ಕೊಡುವ ಎಷ್ಟೋ ವಸ್ತುಗಳು ಎಸ್ಟರ್‌ಗಳು. ಕೊಬ್ಬನ್ನು ಒಡೆದ ಕ್ಷಾರವೇ ಅವುಗಳನ್ನೂ ಒಡೆಯಬಲ್ಲದು. ಸ್ಯಾಂಟಲಾಲ್ ಎಸ್ಟರ್ ಅಲ್ಲ, ಆಲ್ಕೋಹಾಲ್ ಗುಂಪಿನದು. ಆದ್ದರಿಂದ ಕ್ಷಾರಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದರಲ್ಲಿ 15 ಕಾರ್ಬನ್ ಇವೆ, ಕಣ ಭಾರ, ಬೇಗ ಆರಿಹೋಗುವುದಿಲ್ಲ. ಸ್ನಾನವಾದ ಮೇಲೂ ಘಮ ಉಳಿಯುವುದು ಅದಕ್ಕೇ.

ಶಾಸ್ತ್ರಿಗಳು ಊರಿಗೆ ಮರಳಿ ಈ ಪರಿಮಳವನ್ನು ಹದಕ್ಕೆ ತಂದರು. 1918ರ ಹೊತ್ತಿಗೆ ಸರ್ಕಾರಿ ಸೋಪ್ ಫ್ಯಾಕ್ಟರಿಯ ಸೋಪು ಜನರ ಕೈಗೆ ಬಂತು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭ. ಟ್ರಾಮ್ ಟಿಕೆಟ್‌ಗಳಿಂದ ಬೆಂಕಿಪೊಟ್ಟಣದವರೆಗೆ ಜಾಹೀರಾತು. ಕಬ್ಬನ್ ಪಾರ್ಕ್ ಬಳಿ ಶುರುವಾದ ಫ್ಯಾಕ್ಟರಿ 1957ರಲ್ಲಿ ಈಗಿನ ಜಾಗಕ್ಕೆ ಬಂತು. ಕೊಳ್ಳುವವರಿಲ್ಲದೆ ಬಿದ್ದಿದ್ದ ಮರ ಮನೆಮಾತಾಯಿತು.

ಹಾಗಾದರೆ ಮೆಸೇಜು ನಿಜವೇ?

ಇಲ್ಲ. ಹಳೆಯ ಸೋಪೂ ಕ್ಷಾರದಿಂದಲೇ ಆದದ್ದು. ಕ್ಷಾರವಿಲ್ಲದೆ ಸೋಪೇ ಹುಟ್ಟುವುದಿಲ್ಲ. ಆದರೆ ಸರಿಯಾಗಿ ಮಾಡಿದ ಸೋಪಿನಲ್ಲಿ ಹಾಕಿದ ಕಾಸ್ಟಿಕ್ ಸೋಡಾ ಹೆಚ್ಚುಕಡಿಮೆ ಪೂರ್ತಿ ಸೋಪಾಗಿ ಬದಲಾಗಿರುತ್ತದೆ. ಅಪಾಯ ಇರುವುದು ಅಳತೆ ತಪ್ಪಿದಾಗ. ವಿಡಿಯೋ ನೋಡಿ ಅಂದಾಜಿನಲ್ಲಿ ಮಾಡಿದ ಮನೆ ಸೋಪಿನಲ್ಲಿ ಕ್ಷಾರ ಉಳಿದರೆ ಚರ್ಮ ಸುಡಬಹುದು. ನ್ಯಾಚುರಲ್ ಎಂಬ ಚೀಟಿ ಅದನ್ನು ತಡೆಯುವುದಿಲ್ಲ.

ಬೋರ್‌ವೆಲ್ ನೀರಿನಲ್ಲಿ ನೊರೆ ಬರದಿದ್ದರೆ ಸೋಪು ನಕಲಿ ಎಂದುಕೊಳ್ಳಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬಿಳಿ ಕೆನೆಯಾಗಿಸುತ್ತದೆ, ಅಷ್ಟೇ. ಸೋಪು ಹಚ್ಚಿ ಮಗುವಿನ ಮೈ ಒಣಗಿದರೆ, ಕೆಂಪಾದರೆ ವೈದ್ಯರನ್ನು ಕೇಳಿ. ಹೆದರಿ ಕೈ ತೊಳೆಯುವುದನ್ನು ಮಾತ್ರ ಬಿಡಿಸಬೇಡಿ.

ಆ ಮೆಸೇಜು ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಸೋಪ್ ಶಾಸ್ತ್ರಿಗಳ ಈ ಕಥೆ ಕಳಿಸಿ.