ಗಗನಚುಂಬಿಗಳ ಶಿಲ್ಪಿ ಫಜ್ಲುರ್ ರಹಮಾನ್ ಖಾನ್

ಹಿಂದೂಪುರ, ಕಲ್ಯಾಣದುರ್ಗಗಳಿಂದ ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಬಹುಮಹಡಿ ಕಟ್ಟಡಗಳನ್ನು ಕಂಡು ಬೆರಗಾಗುತ್ತಾರೆ. ಅಂತಹ ಕಟ್ಟಡಗಳಿಗೆ ಹೊಸ ಹಾದಿ ತೋರಿದವರು ಬಂಗಾಳಿ ಮಾತೃಭಾಷೆಯ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್.

1929ರಲ್ಲಿ ಢಾಕಾದಲ್ಲಿ ಜನಿಸಿದ ಅವರು 1952ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಎತ್ತರದ ಕಟ್ಟಡಕ್ಕೆ ಗಾಳಿಯ ಒತ್ತಡವೇ ದೊಡ್ಡ ಸವಾಲು. ಒಳಗಿನ ಕಂಬಗಳನ್ನು ಹೆಚ್ಚಿಸುವ ಬದಲು ಹೊರಕವಚವನ್ನೇ ಬಿದಿರಿನಂತೆ ಗಟ್ಟಿ ಕೊಳವೆಯಾಗಿಸಿದರು. ಉಕ್ಕಿನ ವೆಚ್ಚ ತಗ್ಗಿತು. ಷಿಕಾಗೋದ 100 ಮಹಡಿಗಳ ಜಾನ್ ಹ್ಯಾನ್ಕಾಕ್ ಸೆಂಟರ್, ಒಂಬತ್ತು ಕೊಳವೆಗಳನ್ನು ಒಟ್ಟುಗೂಡಿಸಿದ 442 ಮೀಟರ್ ಎತ್ತರದ ಸಿಯರ್ಸ್ ಟವರ್ ಇದಕ್ಕೆ ಸಾಕ್ಷಿ.

ರವೀಂದ್ರರ ಗೀತೆಗಳೆಂದರೆ ಅವರಿಗೆ ಪ್ರಾಣ. 1971ರಲ್ಲಿ ತಾಯ್ನಾಡು ಸಂಕಟದಲ್ಲಿದ್ದಾಗ ಷಿಕಾಗೋದಿಂದಲೇ ನೆರವು ಸಂಘಟಿಸಿದರು. 1982ರಲ್ಲಿ ನಿಧನರಾದರು. ಎತ್ತರಕ್ಕೇರಲು ತಾಯ್ನುಡಿಯನ್ನು ತೊರೆಯಬೇಕಿಲ್ಲವೆಂದು ಕನ್ನಡ ಶಾಲೆಯ ಮಕ್ಕಳಿಗೆ ಈ ಬದುಕು ತೋರಿಸುತ್ತದೆ.