ಸೋಸಲೆಯ ಸೋಪು ಶಾಸ್ತ್ರಿಗಳು



ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹೊಲದ ಬೇಲಿಗಳಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಗಂಧದ ಸಸಿಯನ್ನು ಹಿರಿಯರು ಕಿತ್ತೆಸೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮರ ನಿಮ್ಮ ನೆಲದಲ್ಲಿದ್ದರೂ ಸರ್ಕಾರದ್ದು. ಕಳುವಾದರೆ ವಿಚಾರಣೆ ಮಾತ್ರ ನಿಮಗೆ. ಟಿಪ್ಪುವಿನ ಕಾಲದಿಂದ ಬಂದ ಈ ಕಟ್ಟಳೆ ಸಡಿಲಿ, ಮರ ಜಮೀನಿನ ಒಡೆಯನದಾದದ್ದು 2001ರ ಕಾಯಿದೆ ತಿದ್ದುಪಡಿಯಿಂದ. ಈಗ ಗಂಧ ನೆಡಬೇಕೆನ್ನುವವರು ಸೋಸಲೆ ಗರಳಪುರಿ ಶಾಸ್ತ್ರಿಗಳ ವಿಷಯ ತಿಳಿದಿರಬೇಕು. ಅವರ ಹೆಸರಿನಲ್ಲಿರುವ ಸೋಸಲೆ ದೂರದ್ದಲ್ಲ, ತಿರುಮಕೂಡಲು ನರಸೀಪುರ ತಾಲ್ಲೂಕಿನದು.

ಶಾಸ್ತ್ರಿಗಳು ಕೈಗಾರಿಕಾ ರಸಾಯನ ತಜ್ಞರು. ಅವರ ಕೆಲಸಕ್ಕೆ ಹಾದಿ ತೆರೆದದ್ದು ಒಂದು ಯುದ್ಧ. 1914ಕ್ಕೆ ಮೊದಲು ಮೈಸೂರು ಸೀಮೆಯ ಗಂಧ ಕೊರಡಾಗಿಯೇ ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಲಾಭ ಅವರಿಗೆ, ಕೊರಡಿನ ಬೆಲೆ ಮಾತ್ರ ನಮಗೆ. ಯುದ್ಧ ಶುರುವಾಗಿ ಆ ಗಿರಾಕಿ ನಿಂತ. ಗಂಧದ ಕೋಠಿಗಳಲ್ಲಿ ಮಾಲು ರಾಶಿಬಿತ್ತು. ದಿವಾನ್ ವಿಶ್ವೇಶ್ವರಯ್ಯನವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ, ವಾಟ್ಸನ್ ಇವರ ನೆರವು ಪಡೆದರು. 1916ರಲ್ಲಿ ಎಣ್ಣೆ ತಯಾರಿಕೆ ಆರಂಭವಾಯಿತು. ಗಂಧದ ಚಕ್ಕೆಗೆ ಹಬೆ ಹಾಯಿಸಿ, ತಣಿಸಿ ಎಣ್ಣೆ ಬೇರ್ಪಡಿಸುವುದೇ ಕ್ರಮ. ಆ ಎಣ್ಣೆಯಲ್ಲಿ ಶೇ. 90ರಷ್ಟು ಸ್ಯಾಂಟಲಾಲ್ ಎಂಬ ವಸ್ತುವಿರುತ್ತದೆ. (ಅದಿರನ್ನು ಹಾಗೆಯೇ ಮಾರದೆ ಇಲ್ಲಿಯೇ ಕರಗಿಸುವ ಭದ್ರಾವತಿ ಕಾರ್ಖಾನೆ 1923ರಲ್ಲಿ ಶುರುವಾದದ್ದೂ ಇದೇ ಯೋಚನೆಯ ಫಲ.)

ಎಣ್ಣೆಯೇನೋ ಬಂತು, ಅದನ್ನು ಸೋಪಿಗೆ ಸೇರಿಸುವುದು ಇನ್ನೊಂದು ವಿದ್ಯೆ. ಕೊಬ್ಬಿನೆಣ್ಣೆಗೆ ಕಾಸ್ಟಿಕ್ ಸೋಡ ಹಾಕಿ ಬೇಯಿಸುವಾಗಲೇ ಗಂಧದೆಣ್ಣೆ ಸುರಿದರೆ ಪರಿಮಳ ಹಬೆಯೊಡನೆ ಹಾರಿಹೋಗುತ್ತದೆ. ಸೋಡ ಉಳಿದರೆ ವಾಸನೆ ಕೆಡುತ್ತದೆ. ಸೋಪನ್ನು ಒಣಗಿಸಿ, ಚೂರುಮಾಡಿ, ಆಮೇಲೆ ಸುಗಂಧ ಬೆರೆಸಿ ಅರೆಯಬೇಕು. ಇದನ್ನು ಕಲಿತುಬರಲು ವಿಶ್ವೇಶ್ವರಯ್ಯನವರು ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಮರಳಿದ ಮೇಲೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ನಡೆಯತೊಡಗಿ ಮೈಸೂರು ಸ್ಯಾಂಡಲ್ ಸೋಪು ಪೇಟೆಗೆ ಬಂತು.

ಶಾಸ್ತ್ರಿಗಳು ಬಟ್ಟಿಯ ಮನೆಯಲ್ಲಿಯೇ ನಿಲ್ಲಲಿಲ್ಲ. ಬಿಲ್ಲೆಯ ಅಂಡಾಕಾರ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭದ ಗುರುತು, ಎಲ್ಲವೂ ಅವರ ಆಯ್ಕೆಯೇ. ಜನ ಅವರನ್ನು ಸೋಪು ಶಾಸ್ತ್ರಿ ಎಂದೇ ಕರೆದರು. ಮುಂದೆ ಅವರು ಮೈಸೂರು ಸರ್ಕಾರದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಆ ಸೋಪಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ನಿಮ್ಮ ಮರದ ಬೆಲೆಯೂ ಆ ಎಣ್ಣೆಯಲ್ಲೇ ಇದೆ. ಹೊರಗಿನ ಬಿಳಿ ಭಾಗದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಒಳಗಿನ ಚೇಗಿನಲ್ಲಿ. ಅದು ಕಟ್ಟಲು ಹತ್ತಾರು ವರ್ಷ ಬೇಕು. ಗಂಧ ಪಕ್ಕದ ಗಿಡದ ಬೇರಿನಿಂದಲೂ ಆಹಾರ ಹೀರುವುದರಿಂದ ಸಸಿಯ ಬಳಿ ಮೊದಲು ತೊಗರಿ, ಮುಂದಕ್ಕೆ ಹೊಂಗೆ ಅಥವಾ ಸರ್ವೆ ಇರಲಿ. ಎಣ್ಣೆ ಎಲ್ಲಕ್ಕಿಂತ ಹೆಚ್ಚಿರುವುದು ಬೇರಿನಲ್ಲಿ. ಆದ್ದರಿಂದಲೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ.